ಭೂತ ಕೂತ ಜಾಗ

ಕಾರ್ನಿವಲ್ ಹಬ್ಬ ಹತ್ತಿರ ಬಂತೆಂದರೆ ಪೋರ್ಟ್ ಆಫ್ ಸ್ಪೇನಿನ ಗಾಳಿಯಲ್ಲೂ ಕಾಲಿಡಲು ಜಾಗವಿರುವುದಿಲ್ಲ. ಕಲಿಪ್ಸೊ ಹಾಡುವ ಒಂದೊಂದು ಟೆಂಟಿಗೂ ತಂತಿಯಿಲ್ಲದ ಮೈಕು, ಒಂದೊಂದು ಮೈಕಿಗೂ ಬೇರೆಯೇ ತರಂಗಾಂತರ. ಎರಡು ಟೆಂಟಿನ ಮೈಕುಗಳು ಒಂದೇ ಜಾಗದಲ್ಲಿ ಕೂತವೋ, ಹಾಡು ಹೋಗಿ ಕರಕರ ಉಳಿಯುತ್ತದೆ. ಹಾಗಾಗಿ ಸಂಜೆಯಾದರೆ ಎಲ್ಲರೂ ಸಿಗ್ನಲ್ ತೋರಿಸುವ ಅದೇ ಅಗ್ಗದ ಯಂತ್ರ ಹಿಡಿದು ಖಾಲಿ ಜಾಗ ಹುಡುಕುತ್ತಾರೆ.

ಆ ಯಂತ್ರಕ್ಕೊಂದು ಐಬು. ಪರದೆಯ ಎಡಗಡೆ ಬಲವಾದ ಸಿಗ್ನಲ್ ಇದ್ದರೆ, ಕನ್ನಡಿಯಲ್ಲಿ ಕಂಡಂತೆ ಬಲಗಡೆಯೂ ಒಂದನ್ನು ತೋರಿಸುತ್ತದೆ. ಬಲಗಡೆಯದು ಬರೀ ಭೂತ, ಅಲ್ಲಿ ಯಾರೂ ಇರುವುದಿಲ್ಲ. ಒಂದು ವರ್ಷ ಎಲ್ಲೂ ಜಾಗ ಸಿಗದೆ, ಸಿಟ್ಟಿನಲ್ಲಿ ಆ ಭೂತದ ಮೇಲೆಯೇ ಮೈಕು ಕೂರಿಸಿದಾಗ ಒಂದು ಟೆಂಟಿನ ಮೈಕು ನೋಡಿಕೊಳ್ಳುವ ಡೆಲ್ಸೀನಳಿಗೆ ಇದು ಗೊತ್ತಾಗಿತ್ತು. ಅಂದಿನಿಂದ ಅವಳ ಟೆಂಟಿನ ಧ್ವನಿ ಹಾಲಿನಷ್ಟು ಶುಭ್ರ. ಗುಟ್ಟನ್ನು ಮಾತ್ರ ಅವಳು ಯಾರಿಗೂ ಹೇಳಿರಲಿಲ್ಲ.

ಈ ಸಲ ಸ್ಪರ್ಧೆಯ ತೀರ್ಪುಗಾರರು ಬರುವ ದಿನವೇ ಎದುರು ಟೆಂಟಿನ ಮೈಕಿನವ ಸೂಕ್‌ದಿಯೋ ಹಲ್ಲು ಕಿರಿಯುತ್ತ ಬಂದ.

"ಆಂಟಿ, ಹೊಸ ಯಂತ್ರ ತರಿಸಿದೀನಿ. ಬಲಗಡೆ ಒಂದು ಖಾಲಿ ಸೈಟೇ ಬಿದ್ದಿದೆ. ನಿನ್ನ ಹಳೇ ಡಬ್ಬಕ್ಕೆ ಕಾಣಿಸ್ತಾ?"

"ನನ್ನ ಡಬ್ಬಕ್ಕೆ ನಿನ್ನ ಮುಖವೂ ಕಾಣಿಸಲ್ಲಪ್ಪ. ಅದಕ್ಕೇ ಇನ್ನೂ ಕೆಡದೆ ಇದೆ."

"ಶೋಗೆ ಮುಂಚೆ ಇನ್ನೊಂದ್ಸಲ ನೋಡ್ತೀನಿ. ಖಾಲಿ ಇದ್ರೆ ನಂದೇ."

ಅವನ ಹೊಸ ಯಂತ್ರ ಭೂತ ತೋರಿಸುವುದಿಲ್ಲವೆಂದು ಡೆಲ್ಸೀನಳಿಗೆ ಹೊಳೆಯಿತು. ಈ ಸಲ ಕರಕರ ಅಂದರೆ ಆ ಸೂಕ್‌ದಿಯೋನನ್ನೇ ಕರೆತರುತ್ತೇನೆ ಎಂದು ಟೆಂಟಿನ ಯಜಮಾನ ಬೆಳಿಗ್ಗೆಯಷ್ಟೇ ಗದರಿದ್ದ. ಜಾಗ ಹಿಡಿದಿಡೋಣವೆಂದರೆ ಅವಳ ಗಾಯಕ ಲಾರ್ಡ್ ಟ್ಯಾಮರಿಂಡ್, ಅಂದರೆ ಹುಣಸೆ ದೊರೆ, ಬ್ಯಾಟರಿ ಮುಗಿದೀತೆಂದು ವೇದಿಕೆ ಹತ್ತುವವರೆಗೆ ಮೈಕು ಆನ್ ಮಾಡಲು ಬಿಡುವವನಲ್ಲ. ಅವಳು ಇನ್ನೊಂದು ಮೈಕನ್ನು ಅದೇ ಜಾಗಕ್ಕೆ ಹೊಂದಿಸಿ, ಆನ್ ಮಾಡಿ, ಲಂಗದ ಜೇಬಿಗೆ ಇಳಿಸಿದಳು. ಇಷ್ಟು ದಿನ ಸುಳ್ಳು ಭೂತವಿದ್ದಲ್ಲಿ ಈಗ ನಿಜವಾದದ್ದೇ ಕೂತಿತು. ಸೂಕ್‌ದಿಯೋ ಮತ್ತೊಮ್ಮೆ ನೋಡಿ, ಹರಳೆಣ್ಣೆ ಕುಡಿದ ಮುಖ ಮಾಡಿಕೊಂಡು ಬೇರೆ ಜಾಗಕ್ಕೆ ಹೋದ. ಖುಷಿಗೆ ಡೆಲ್ಸೀನ್ ಖಾರ ಹಾಕಿಸಿ ಕಡಲೆ ತುಂಬಿದ ಡಬಲ್ಸ್ ರೊಟ್ಟಿ ತಿಂದಳು. ಜೇಬನ್ನು ಮರೆತಳು.

ದೊರೆ ವೇದಿಕೆ ಹತ್ತಿದ. ವಾದ್ಯ ಶುರುವಾಯಿತು. ಡೆಲ್ಸೀನ್ ಮೈಕಿನ ಧ್ವನಿ ಏರಿಸಿ, ಪಕ್ಕದಲ್ಲಿ ಕೂತಿದ್ದ ಟಿಕೆಟಿನವಳ ಕಡೆ ವಾಲಿದಳು. ದೊರೆ ಬಾಯಿ ತೆರೆದ. ಸ್ಪೀಕರುಗಳಿಂದ ಹೊರಟದ್ದು ಅವನ ಹಾಡಲ್ಲ.

"ಮೊದಲನೇ ಚರಣ ಪರವಾಗಿಲ್ಲ ಕಣೆ. ಆಮೇಲೆಲ್ಲ ಬಿಟ್ಟೋದ ಹೆಂಡ್ತಿ ಮೇಲೆ ದೂರು. ಅವಳು ಹೋಗಿದ್ದೇ ಸರಿ."

ಟೆಂಟಿಗೆ ಟೆಂಟೇ ಡೆಲ್ಸೀನಳ ಕಡೆ ತಿರುಗಿತು. ಮೈಕಿನ ದನಿ ಹಿಡಿಯುವ ಪೆಟ್ಟಿಗೆಯ ಪಕ್ಕದಲ್ಲೇ ಇದ್ದ ಜೇಬಿನ ಮೈಕು, ದೂರದ ದೊರೆಯ ಮೈಕನ್ನು ಪೂರ್ತಿ ನುಂಗಿಹಾಕಿತ್ತು. ಡೆಲ್ಸೀನ್ ನಾಚಿಕೆಯಿಂದ ಹಿಡಿಯಾಗಿ ಅದನ್ನು ಆಫ್ ಮಾಡಿದಳು. ಕೆಲಸ ಹೋಯಿತೆಂದೇ ಅಂದುಕೊಂಡಳು. ಆದರೆ ಎದುರು ಬಿದ್ದವರಿಗೆ ನಿಂತ ನಿಲುವಿನಲ್ಲಿ ಪದ ಕಟ್ಟಿ ಉತ್ತರ ಕೊಡದಿದ್ದರೆ ಅವನು ಕಲಿಪ್ಸೊ ಗಾಯಕನೇ ಅಲ್ಲ. ದೊರೆ ಟೋಪಿ ಸರಿಮಾಡಿಕೊಂಡ.

"ನನ್ನವಳು ಬಿಟ್ಟು ಹೋದಳು, ಅದು ಸುಳ್ಳಲ್ಲ,
ನಿನ್ನವನು ಹೋಗಿಲ್ಲ ಡೆಲ್ಸೀನ್, ಬಂದೇ ಇಲ್ಲ."

ಜನ ಕುರ್ಚಿ ಬಡಿದರು. ನಾಚಿಕೆ ಹೋಗಿ ಡೆಲ್ಸೀನಳಿಗೆ ರೇಗಿತು. ಜೇಬಿಗೆ ಕೈ ಹಾಕಿ ಮೈಕನ್ನು ಮತ್ತೆ ಆನ್ ಮಾಡಿದಳು.

"ಬಾಗಿಲು ತಟ್ಟಿದವನು ನೀನೇ ಅಲ್ವಾ ದೊರೆ,
ತೆಗೆದಿದ್ರೆ ನಂಗೂ ಈ ಹಾಡೇ ಹೊರೆ."

ಆಮೇಲೆ ಬರೆದು ತಂದ ಹಾಡನ್ನು ಯಾರೂ ಕೇಳಲಿಲ್ಲ. ಅವನು ಒಂದೆಂದರೆ ಅವಳು ಇನ್ನೊಂದು, ತನ್ನ ಸರದಿ ಮುಗಿದೊಡನೆ ಜೇಬಿನ ಮೈಕು ಆಫ್. ಎದುರು ಟೆಂಟಿನ ಜನ ಎದ್ದು ಈಚೆಗೆ ಬಂದರು, ಹಿಂದೆಯೇ ಸೂಕ್‌ದಿಯೋನೂ ಬಂದ. ತೀರ್ಪುಗಾರರು ಕಣ್ಣೊರೆಸಿಕೊಳ್ಳುತ್ತಲೇ ದೊರೆಯನ್ನು ಸೆಮಿಫೈನಲಿಗೆ ಆರಿಸಿದರು. ಕರಕರ ಒಂದು ಸಲವೂ ಕೇಳಿಸದ್ದರಿಂದ ಯಜಮಾನನಿಗೆ ಬೈಯಲು ಕಾರಣ ಸಿಗಲಿಲ್ಲ.

"ಸೆಮಿಫೈನಲಿಗೂ ಆ ಜೇಬು ಹಾಕ್ಕೊಂಡು ಬಾ," ಎಂದ ದೊರೆ, ಬೆವರೊರೆಸುತ್ತ. "ಆದ್ರೆ ಕೊನೇ ಮಾತು ನಂದು."

"ಅದು ಹೇಗಾಗುತ್ತೆ ದೊರೆ?" ಡೆಲ್ಸೀನ್ ಜೇಬು ತಟ್ಟಿಕೊಂಡಳು. "ಜಾಗ ಮೊದಲು ಹಿಡಿದೋಳು ನಾನು. ಇವತ್ತು ನೀನು ಅಲ್ಲಿ ಬಾಡಿಗೆಗೆ ಇದ್ದೆ."