ಬಿದಿರು ಮೆಳೆಯ ಅರ್ಧ ಹಾಡು

ನನ್ನ ಅಜ್ಜಿ, ನಾನು ಆಯಿ ಎನ್ನುವ ಕಮಲವ್ವನ ಕತೆಗಳಲ್ಲಿ ಹಕ್ಕಿಗಳು ಬರೀ ಹಾಡುವುದಿಲ್ಲ, ಸಂಸಾರ ಮಾಡುತ್ತವೆ. ಗಿಳಿ ಬೀಗತನ ಬೆಳೆಸುತ್ತದೆ, ಗುಬ್ಬಿ ಮುನಿಸಿಕೊಂಡು ತವರಿಗೆ ಹೋಗುತ್ತದೆ. ಅಮೆರಿಕದ ಶಾಮ್‌ಬರ್ಗ್‌ನ ಅಪಾರ್ಟ್‌ಮೆಂಟಿನಲ್ಲಿ ಆಯಿಯ ಮಗ್ಗುಲಲ್ಲಿ ಮಲಗಿ ಅವನ್ನೆಲ್ಲ ಕೇಳಿ ಬೆಳೆದ ನನಗೆ ಸಿಕ್ಕ ಕೆಲಸವೂ ಅಂಥದ್ದೇ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ರೆಕಾರ್ಡ್ ಮಾಡಿದ ದನಿಗಳನ್ನು ಕೇಳಿ, ಯಾವುದು ಯಾವ ಹಕ್ಕಿಯದು ಎಂದು ಗುರುತು ಹಾಕಬೇಕು.

"ಕುಂತ ಜಾಗದಾಗ ಹಕ್ಕಿ ಹಾಡು ಕೇಳಾಕ ಪಗಾರ ಕೊಡ್ತಾರ? ನಾ ಹುಟ್ಟಿದಾಗಿಂದ ಪುಕ್ಕಟೆ ಕೇಳೀನಲ್ಲವ್ವ," ಎಂದು ಆಯಿ ನಗುತ್ತಾಳೆ.

ಅವತ್ತು ನಾನು ಕೇಳುತ್ತಿದ್ದದ್ದು ಒಂದು ರೆನ್ ಹಕ್ಕಿ. ಈಕ್ವೆಡಾರ್‌ನ ಬೆಟ್ಟಗಳಲ್ಲಿ, ಸದಾ ಮೋಡ ಕವಿದ ಬಿದಿರು ಮೆಳೆಗಳೊಳಗೆ ಇರುವಂಥದು. ಕಂದು ಬಣ್ಣ, ಮುಷ್ಟಿಯಷ್ಟು ಮೈ. ಎಲೆಗಳ ಸಂದಿಯಲ್ಲಿ ಹುಳ ಹೆಕ್ಕುತ್ತ ಓಡಾಡುತ್ತದೆ, ಕಣ್ಣಿಗೆ ಬೀಳುವುದೇ ಅಪರೂಪ. ದನಿ ಮಾತ್ರ ಕಣಿವೆ ತುಂಬುತ್ತದೆ. ಲ್ಯಾಪ್‌ಟಾಪಿನಿಂದ ಅದು ಹೊರಟಾಗ ಆಯಿ ಮೆಂತ್ಯೆ ಸೊಪ್ಪು ಸೋಸುವುದನ್ನು ಬಿಟ್ಟು ಕತ್ತೆತ್ತಿದಳು.

"ಎಷ್ಟ ಉದ್ದ ಉಸರೈತಿ ಇದಕ್ಕ!"

"ಒಂದಲ್ಲ ಆಯಿ, ಎರಡು. ಹೆಣ್ಣು ಒಂದು ಸ್ವರ ಹಾಡ್ತದ, ಗಂಡು ಮುಂದಿಂದು. ಮತ್ತ ಹೆಣ್ಣು, ಮತ್ತ ಗಂಡು. ಸಂದು ಗೊತ್ತಾಗೋದಿಲ್ಲ."

ಆಮೇಲೆ ಇನ್ನೊಂದು ರೆಕಾರ್ಡಿಂಗ್ ಹಾಕಿದೆ. ಒಂಟಿ ಹೆಣ್ಣು. ಒಂದು ಸ್ವರ ಹಾಡಿ ನಿಲ್ಲುತ್ತದೆ. ಗಂಡಿನ ಸ್ವರಕ್ಕೆ ಎಷ್ಟು ಹೊತ್ತು ಬೇಕೋ ಅಷ್ಟೇ ಸುಮ್ಮನಿದ್ದು ಮುಂದಿನದು ಹಾಡುತ್ತದೆ.

"ಗಂಡು ಜೊತೆಗಿಲ್ಲದಿದ್ರೂ ಅದರ ಜಾಗ ಬಿಟ್ಟು ಹಾಡ್ತದ," ಎಂದೆ.

ಆಯಿಯ ಗಮನ ಸೊಪ್ಪಿನ ಮೇಲಿರಲಿಲ್ಲ. ಮೆಂತ್ಯೆಯ ಎಲೆ ಕಸಕ್ಕೆ, ಕಡ್ಡಿ ಬುಟ್ಟಿಗೆ ಹೋಗುತ್ತಿದ್ದವು.

ಶನಿವಾರ ನಾವಿಬ್ಬರೂ ಮಿಷಿಗನ್‌ನ ಆಬರ್ನ್ ಹಿಲ್ಸ್‌ಗೆ ಹೊರಟೆವು. ಅಲ್ಲಿರುವ ಸಂಗಮೇಶ್ ಕಾಕಾನ ಮಗಳು ಸ್ಮಿತಾಳ ಮದುವೆ. ಅಪ್ಪ ಅಮ್ಮ ಮುಂದಾಗಿ ಹೋಗಿದ್ದರು. ಸಂಜೆಯ ಅರಿಶಿಣ ಶಾಸ್ತ್ರದಲ್ಲಿ ಕಮಲವ್ವ ಬೀಗರನ್ನು ಹಾಸ್ಯ ಮಾಡುವ ಹಾಡು ಹಾಡುತ್ತಾಳೆಂದು ಕಾಕಾ ಎಲ್ಲರಿಗೂ ಸಾರಿಬಿಟ್ಟಿದ್ದ.

ಮಿಷಿಗನ್ ಗಡಿ ದಾಟಿದ ಮೇಲೆ ಆಯಿ ಬಾಯಿ ಬಿಟ್ಟಳು. "ತನಿಷಾ, ಕಾರು ಹಿಂದಕ ಹೊಳ್ಳಸ್ತಿಯೇನ?"

"ಹೈವೇದಾಗ ಅದೀವಿ ಆಯಿ!"

"ಮುಂದಿನ ಎಕ್ಸಿಟ್ಟಿನಾಗ ಹೊಳ್ಳಸು. ಗಂಟಲು ಕಟ್ಟೇತಿ ಅಂತ ಹೇಳು."

"ಈಗರೆ ಅರ್ಧ ಡಬ್ಬಿ ಚಕ್ಕಲಿ ತಿಂದಿ. ಯಾವ ಗಂಟಲು ಕಟ್ಟೇತಿ?"

ಆಯಿ ಕಿಟಕಿಯತ್ತ ಮುಖ ಮಾಡಿದಳು. "ನನಗ ಹಾಡು ಬರೂದಿಲ್ಲವ್ವ. ಅರ್ಧಾನ ಬರ್ತೈತಿ."

ಆಗ ತಿಳಿಯಿತು. ಊರಲ್ಲಿ ಬೀಸುವ ಕಲ್ಲಿನ ಮುಂದಾಗಲಿ, ಮದುವೆಯ ಚಪ್ಪರದಲ್ಲಾಗಲಿ, ಹಾಡು ಎತ್ತುತ್ತಿದ್ದವಳು ಆಯಿಯ ನೆಗೆಣ್ಣಿ ಗಂಗವ್ವ, ಅಂದರೆ ದೊಡ್ಡಜ್ಜನ ಹೆಂಡತಿ. ಆಯಿ ಉತ್ತರದ ಸಾಲು ಹೇಳುವವಳು. ಗಂಗವ್ವ ಹೋದ ವರ್ಷ ತೀರಿಕೊಂಡಳು. ಆಯಿಗೆ ಮಣ್ಣಿಗೂ ಹೋಗಲು ಆಗಲಿಲ್ಲ.

"ಮೂರು ದಿನಾ ಆತು, ಅಕೀ ಸಾಲು ಹುಡುಕಾಕ ಹತ್ತೀನಿ. ಒಂದೂ ಸಿಗವಲ್ದು. 'ಹಂಗಾರ ಚಾಪಿ ಹರದೀತ, ಸಾವಕಾಶ ಕುಂಡ್ರೋ ಬೀಗಾ' ಅನ್ನೂದು ನಂದು. ಚಾಪಿ ಯಾಕ ಹರೀತೈತಿ? ಅಕೀ ಏನಂತಿದ್ಲು? ಹಾಡೂ ಹೋದ್ರ ಅಕೀ ಪೂರಾ ಹೋದಂಗ, ತನಿಷಾ."

ರಸ್ತೆ ನೋಡುತ್ತಲೇ ಹೇಳಿದೆ. "ಆ ರೆನ್ ಹಕ್ಕಿ ಐತಲ್ಲ ಆಯಿ, ಅದರ ಮಿದುಳಿನಾಗ ಏನೈತಿ ಅಂತ ಪರೀಕ್ಷೆ ಮಾಡ್ಯಾರ. ತನ್ನ ಪಾಲು ಒಂದ ಕೇಳಿಸಿದ್ರ ಅಷ್ಟೇನು ಮಿಡಿಯೋದಿಲ್ಲ. ಇಬ್ಬರದೂ ಕೂಡಿಸಿ ಕೇಳಿಸಿದ್ರ ಜೋರು ಮಿಡಿತದ. ಒಂದೊಂದರ ತಲ್ಯಾಗೂ ಪೂರಾ ಹಾಡ ಇರ್ತದ."

"ಹಕ್ಕೀದು ಬ್ಯಾರೆ," ಎಂದಳು ಆಯಿ. ಆದರೆ ಎಕ್ಸಿಟ್ಟಿನ ಮಾತು ಮತ್ತೆ ಎತ್ತಲಿಲ್ಲ.

ಕಾಕಾನ ಬಡಾವಣೆಯ ಕ್ಲಬ್‌ಹೌಸಿನಲ್ಲಿ ಜನ ಕಿಕ್ಕಿರಿದಿದ್ದರು. ಸ್ಮಿತಾ ಮಣೆಯ ಮೇಲೆ, ಕೆನ್ನೆ ತುಂಬ ಅರಿಶಿಣ. ಪಕ್ಕದ ಊರು ಟ್ರಾಯ್‌ನಿಂದ ಬಂದ ಬೀಗರ ಮುಂದಾಳು, ವರನ ತಂದೆ ಚಂದ್ರಮೌಳಿ ಅಂಕಲ್. ಮೂಲ ಮೈಸೂರಿನವರು. ದೊಡ್ಡ ಮೈ, ಅದಕ್ಕಿಂತ ದೊಡ್ಡ ನಗು.

"ಅಮ್ಮಾ, ನಮ್ಮನ್ನ ಚೆನ್ನಾಗಿ ಬಯ್ಯಬೇಕು ನೀವು. ಅದಕ್ಕೇ ಮಧ್ಯಾಹ್ನ ಊಟ ಬಿಟ್ಟು ಬಂದಿದೀನಿ!"

"ಬಿಟ್ಟಂಗ ಕಾಣವಲ್ದಲ್ಲ," ಎಂದ ಕಾಕಾ. ಎಲ್ಲರೂ ನಕ್ಕು, ಆಮೇಲೆ ಸುಮ್ಮನಾಗಿ ಆಯಿಯ ಕಡೆ ತಿರುಗಿದರು.

ಆಯಿ ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಬಿಚ್ಚಿ ಮತ್ತೆ ಸುತ್ತಿದಳು. ಯಾರೋ ಫೋನು ಮೇಲೆತ್ತಿ ವಿಡಿಯೋ ಶುರು ಮಾಡಿದರು. ನನಗೆ ತಡೆಯಲಾಗಲಿಲ್ಲ. ಪಕ್ಕದಲ್ಲಿ ಕುಕ್ಕರಿಸಿ, ಬಾಯಿಗೆ ಬಂದದ್ದನ್ನು ಬಂದ ರಾಗದಲ್ಲಿ ಎತ್ತಿಬಿಟ್ಟೆ.

"ಟ್ರಾಯಿಂದ ಬೀಗರು ಬಂದಾರ, ಎರಡ ವ್ಯಾನ ತುಂಬ್ಯಾರ..."

ನನ್ನ ಸಾಲಿನ ಬಾಲ ಮುಗಿಯುವ ಮೊದಲೇ ಆಯಿಯ ದನಿ ಬಂತು. ಅವಳು ಯೋಚಿಸಿ ಹಾಡಿದ್ದಲ್ಲ.

"ಹಂಗಾರ ಚಾಪಿ ಹರದೀತ, ಸಾವಕಾಶ ಕುಂಡ್ರೋ ಬೀಗಾ!"

ಚಪ್ಪಾಳೆ ಬಿತ್ತು. ನಾನು ಇನ್ನೊಂದು ಸಾಲು ಎತ್ತಬೇಕಿತ್ತು. ಏನೂ ಹೊಳೆಯಲಿಲ್ಲ. ಬಾಯಿ ತೆರೆದುಕೊಂಡೇ ಕೂತೆ. ಆಯಿಯ ಅಂಗೈ ನನ್ನ ಮೊಣಕಾಲಿನ ಮೇಲೆ ತಾಳ ಹಾಕುತ್ತಲೇ ಇತ್ತು, ಒಮ್ಮೆ, ಎರಡು ಸಲ. ನೋಟ ಎದುರಿಗಿದ್ದ ಚಂದ್ರಮೌಳಿ ಅಂಕಲ್ ಮೇಲೆ ನಿಂತಿತ್ತು. ಆಮೇಲೆ ಒಂದು ದನಿ ಎದ್ದಿತು. ನಾನು ಎಂದೂ ಕೇಳದ, ಆಯಿಯದಕ್ಕಿಂತ ದಪ್ಪನೆಯ, ಒಂಚೂರು ಜಂಬದ ದನಿ. ಅದು ಆಯಿಯ ಬಾಯಿಂದಲೇ ಬರುತ್ತಿತ್ತು.

"ಬೀಗನ ಹೊಟ್ಟಿ ನೋಡವ್ವ, ಹಗೇವಿನಷ್ಟ ಐತವ್ವ..."

ನೆಲದೊಳಗೆ ಜೋಳ ತುಂಬಿಡುವ ಹಗೇವಿನಷ್ಟು! ಊರ ಕಡೆಯವರು ಹೋ ಎಂದರು. ಮೈಸೂರಿನವರಿಗೆ ಕಾಕಾ ಅರ್ಥ ಬಿಡಿಸಿ ಹೇಳಿದ ಮೇಲೆ ಅವರೂ ಹೋ ಎಂದರು. ಚಂದ್ರಮೌಳಿ ಅಂಕಲ್ ತಮ್ಮ ಹೊಟ್ಟೆಯನ್ನೊಮ್ಮೆ ನೋಡಿಕೊಂಡು ಕೈಮುಗಿದರು.

ಆಯಿ ನಿಲ್ಲಿಸಿದ್ದಳು. ಕೆನ್ನೆ ಒದ್ದೆಯಾಗಿತ್ತು, ತಾಳ ತಪ್ಪಿರಲಿಲ್ಲ. ಈಗ ಉತ್ತರದ ಸಾಲು ಬರಬೇಕಿತ್ತು. ಅದು ನನಗೆ ಗೊತ್ತಿತ್ತು.

"ಹಂಗಾರ ಚಾಪಿ ಹರದೀತ, ಸಾವಕಾಶ ಕುಂಡ್ರೋ ಬೀಗಾ!" ಎಂದೆ.

ಚಂದ್ರಮೌಳಿ ಅಂಕಲ್ ಕುರ್ಚಿ ಹಿಡಿದುಕೊಂಡು ಸಾವಕಾಶ ಕುಳಿತರು. ಆಯಿ ನನ್ನತ್ತ ತಿರುಗಿಯೂ ನೋಡಲಿಲ್ಲ. ಗಂಗವ್ವನ ಮುಂದಿನ ಸಾಲು ಎತ್ತಿದಳು, ಮುಗಿಸಿ, ನನಗೆ ಬೇಕಾದಷ್ಟೇ ಜಾಗ ಬಿಟ್ಟಳು.