ತಡವಾಗಿ ನಾಟಿದ ಹನಿ

ತಮ್ಮ ತೀರಿಕೊಂಡನೆಂದು ಫೋನು ಬಂದಾಗ ಅಕ್ಕ ಪ್ರಯೋಗಾಲಯದಲ್ಲಿ ತೊಗಟೆ ಕೊರೆಯುವ ಹುಳುಗಳ ಬೆನ್ನಿಗೆ ಕೀಟನಾಶಕದ ಹನಿ ಇಡುತ್ತಿದ್ದಳು. ಫೋನು ಕೆಳಗಿಟ್ಟು ಮತ್ತೆ ಹನಿ ಇಡತೊಡಗಿದಳು. ಚಿಕ್ಕ ಜಾತಿಯ ಹುಳುಗಳು ಆಗಲೇ ಕಾಲು ಮಡಚಿದ್ದವು. ದೊಡ್ಡ ಜಾತಿಯವು ಏನೂ ಆಗಿಲ್ಲವೆಂಬಂತೆ ಓಡಾಡುತ್ತಿದ್ದವು.

“ಅತ್ತುಬಿಡೇ, ಹೀಗೆ ಕಲ್ಲಿನ ಹಾಗೆ ಕೂತ್ಕೋಬೇಡ,” ಎಂದಳು ಜೊತೆಗಾತಿ.

“ಅಳಬೇಕು ಅಂತಿದೆ, ಬರ್ತಾನೇ ಇಲ್ಲ ಕಣೇ. ತಮ್ಮ ನನ್ನನ್ನ ‘ದೊಡ್ಡ ಹುಳ’ ಅಂತಲೇ ಕರೀತಿದ್ದ. ‘ಇವತ್ತು ಬೈದ್ರೆ ಅಕ್ಕನಿಗೆ ನಾಳೆ ನಾಟುತ್ತೆ’ ಅಂತ.”

ಸಂಜೆ ದೊಡ್ಡ ಹುಳವೊಂದರ ಹಿಂಗಾಲು ನಡುಗಿತು. ಗಟ್ಟಿ ಚಿಪ್ಪಿನ ಸಂದಿಯಲ್ಲಿ ವಿಷ ಕೊನೆಗೂ ಒಳಗಿಳಿದಿತ್ತು. ನೋಡುತ್ತಿದ್ದಂತೆ ಅಕ್ಕನ ಕಣ್ಣು ತುಂಬಿತು. ಅವಳು ಕೈಮುಗಿದಳು.

“ದೇವರೇ, ನನಗೆ ಅಳು ತಡವಾಗಿ ಬಂತು. ಅವನಿಗೆ ನಿನ್ನ ಶಾಂತಿ ತಡವಾಗದಿರಲಿ.”