ಕ್ಯಾಪ್ಟನ್ ಕೇದಾರಿಯವರ ಮೂರು ಕಾರಣಗಳು

ಮೂವತ್ತೊಂದು ವರ್ಷ ವಿಮಾನ ಹಾರಿಸಿ ನಿವೃತ್ತರಾಗಿ ಗೋಕಾಕಕ್ಕೆ ಮರಳಿದ ಕೇದಾರಿಯವರ ಕೈಯಲ್ಲಿ ಈಗ ಉಳಿದದ್ದು ಒಂದು ಸ್ಕೂಟರ್ ಮಾತ್ರ. ಬಾಯಿಗೆ ಇನ್ನೂ ನಿವೃತ್ತಿ ಆಗಿರಲಿಲ್ಲ. ಡಿಸೆಂಬರಿನ ಒಂದು ಬೆಳಿಗ್ಗೆ, ಉತ್ತರದ ಯಾವುದೋ ಊರಿನಲ್ಲಿ ಸಣ್ಣ ಜೆಟ್ ಇಳಿಯುವಾಗ ಬಿದ್ದು ನಾಲ್ವರು ಸತ್ತರೆಂದು ಟಿವಿಯಲ್ಲಿ ಬಂದದ್ದೇ ತಡ, ಎಂಜಿನ್ನಿಗೆ ಹಕ್ಕಿ ಬಡಿದಿದೆ ಎಂದು ತೀರ್ಪು ಕೊಟ್ಟರು. ಹತ್ತು ಗಂಟೆಗೆ ಗೋಕಾಕ ಫಾಲ್ಸಿನ ಚಹಾದಂಗಡಿಯಲ್ಲಿ ಅದು ಅಡ್ಡಗಾಳಿಯಾಯಿತು.

"ನಾಷ್ಟಾಕ್ಕ ಹಕ್ಕಿ, ಚಾಕ್ಕ ಗಾಳಿ. ಊಟಕ್ಕ ಏನ್ರಿ?" ಎಂದು ಹೆಂಡತಿ ಶೋಭಾ ಕೇಳಿದರು.

ಊಟದ ಹೊತ್ತಿಗೆ ಅವರಿಗೆ ಮೂರನೆಯ ಕಾರಣವಾಗಿ ಆ ವಿಮಾನದ ಪೈಲಟ್ಟೇ ಸಿಕ್ಕಿದ.

ಹಳಬರು, ಹೊಸಬರು ಸೇರಿ ನಲವತ್ತು ಪೈಲಟ್‌ಗಳಿದ್ದ ವಾಟ್ಸಾಪ್ ಗ್ರೂಪು ಬೆಳಗಿನಿಂದ ಕೊತಕೊತ ಕುದಿಯುತ್ತಿತ್ತು. ಒಬ್ಬರು ಇಂಧನ ಎಂದರು, ಒಬ್ಬರು ರೆಕ್ಕೆಯ ಮೇಲಿನ ಹಿಮ ಎಂದರು. ಬಿದ್ದ ವಿಮಾನವನ್ನು ಯಾರೂ ಕಂಡಿರಲಿಲ್ಲ. ಕೇದಾರಿಯವರಂತೂ ಜನ್ಮದಲ್ಲಿ ಜೆಟ್ ಹಾರಿಸಿದವರಲ್ಲ, ರೆಕ್ಕೆಗೆ ಫ್ಯಾನು ತಿರುಗುವ ವಿಮಾನದವರು. ಆದರೂ ಬರೆದರು: "ಮಂಜಿನಲ್ಲಿ ರನ್‌ವೇ ಕಾಣದಿದ್ದರೂ ಇಳಿಸಲು ಹೋಗಿದ್ದಾನೆ. ನಾನಾಗಿದ್ದರೆ ಮತ್ತೆ ಮೇಲಕ್ಕೆ ಏರಿಸುತ್ತಿದ್ದೆ." ಹನ್ನೊಂದು ಮಂದಿ ಹೆಬ್ಬೆರಳು ಎತ್ತಿದರು. ಕೇದಾರಿ ಎರಡು ಸಲ ಎಣಿಸಿಕೊಂಡರು.

ಆಗ ಹುಕ್ಕೇರಿಯಿಂದ ಅರ್ಜುನನ ಫೋನ್ ಬಂತು. ಆರು ವರ್ಷ ಇವರ ಪಕ್ಕದ ಸೀಟಿನಲ್ಲಿ ಕೂತು ಹಾರಿದವನು, ಈಗ ಅವನೂ ಕ್ಯಾಪ್ಟನ್. ರಜೆಗೆ ಊರಿಗೆ ಬಂದಿದ್ದ.

"ಸರ, ಆ ಮೆಸೇಜ್ ತಗದುಬಿಡ್ರಿ."

"ಯಾಕೋ? ಏನ್ ತಪ್ಪೈತಿ ಅದ್ರಾಗ?"

"ಆ ವಿಮಾನದಾಗ ತೀರಿಹೋದ ಕ್ಯಾಪ್ಟನ್ನರ ಮಗಳು ನಂದಿನಿ ಗ್ರೂಪಿನ್ಯಾಗ ಅದಾಳ್ರಿ. ಟ್ರೇನಿಂಗ್ ಮಾಡಾಕತ್ತಾಳ, ಹೋದ ತಿಂಗಳ ಸೇರ್ಯಾಳ."

ಕೇದಾರಿ ಟಿವಿ ಆರಿಸಿದರು.

"ಇನ್ನೊಂದ್ ಮಾತ್ರಿ, ಸಿಟ್ಟಾಗಬ್ಯಾಡ್ರಿ. ಹದಿನಾಕು ವರ್ಷದ ಹಿಂದ ಮಂಜಿನ್ಯಾಗ ನೀವೂ ಇಳಿಸಿದ್ರಿ. ಮ್ಯಾಲೆ ಏರಸೂಣ್ರಿ ಅಂತ ನಾ ಎರಡ್ ಸಲ ಅಂದೆ."

"ನೆನಪೈತಿ."

"ನೆನಪಿದ್ದೂ ಹೆಂಗ ಬರದ್ರಿ, ಸರ?"

ಫೋನ್ ಇಟ್ಟು ಕೇದಾರಿ, ಮೆಸೇಜ್ ಅಳಿಸುವ ಮೊದಲು ಯಾರ‍್ಯಾರು ಓದಿದ್ದಾರೆಂದು ನೋಡಿದರು. ನಂದಿನಿಯ ಹೆಸರಿತ್ತು.

ಮರುದಿನ ಮೂಡಲಗಿಯ ಕಾಲೇಜೊಂದರಲ್ಲಿ ಅವರ ಭಾಷಣವಿತ್ತು. ಹಾರ ಹಾಕಿ ಶಾಲು ಹೊದಿಸಿದ ಕೂಡಲೇ ಒಬ್ಬ ಹುಡುಗಿ ಎದ್ದು ನಿಂತಳು. "ಸರ್, ನಿನ್ನೆ ಆ ವಿಮಾನ ಯಾಕ ಬಿತ್ರೀ?"

"ನನಗ ಗೊತ್ತಿಲ್ಲವ್ವಾ."

ಪ್ರಾಚಾರ್ಯರ ಮುಖ ಇಳಿಯಿತು. ಶಾಲು ಹೊದಿಸಿಕೊಂಡ ಮೇಲೆ, ವಿಮಾನ ಬಿದ್ದದ್ದಕ್ಕೆ ಒಂದಾದರೂ ಕಾರಣ ಹೇಳಬಾರದೇ? ಕೇದಾರಿ ತಮ್ಮದೇ ಕಥೆ ಹೇಳಿದರು. ಆವತ್ತು ಮನೆಯಲ್ಲಿ ಹೋಳಿಗೆ ಊಟ. ತಣ್ಣಗಾದೀತೆಂದು ಮಂಜಿನೊಳಗೇ ವಿಮಾನ ಇಳಿಸಿದ್ದರು. ಅರ್ಧ ರನ್‌ವೇ ಮುಗಿದ ಮೇಲೆ ಗಾಲಿ ನೆಲಕ್ಕೆ ತಾಗಿ, ವಿಮಾನ ಹುಲ್ಲಿನ ಅಂಚಿಗೆ ಬಂದು ನಿಂತಿತ್ತು. ಏನೂ ಅರಿಯದ ಪ್ರಯಾಣಿಕರು ಚಪ್ಪಾಳೆ ತಟ್ಟಿದ್ದರು. "ನಾ ಬಾಗಿಲದಾಗ ನಿಂತು ಎಲ್ಲಾರಿಗೂ ಕೈ ಮುಗದೆ, ದೊಡ್ಡ ಶೂರನಂಗ." ಹುಡುಗರು ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು.

ಬಸ್ಸಿನಲ್ಲಿ ಕೂತು ನಂದಿನಿಗೆ ಅದನ್ನೆಲ್ಲ ಬರೆದರು. "ತಪ್ಪಾಯಿತಮ್ಮ. ನಿಮ್ಮ ತಂದೆಯ ಮೇಲೆ ಹೊರಿಸಿದ್ದು ಹಿಂದೆ ನಾನೇ ಮಾಡಿದ್ದ ತಪ್ಪು" ಎಂದು ಕೊನೆಗೆ ಸೇರಿಸಿದರು.

ಗೋಕಾಕದಲ್ಲಿ ಇಳಿಯುವಾಗ ಉತ್ತರ ಬಂತು. "ಸರ್, ಆ ದಿನ ನಿಮಗೆ ಹೆದರಿಕೆ ಆಗಿದ್ದು ಯಾವಾಗ? ಇಳಿಸುವಾಗಲೋ, ಇಳಿದ ಮೇಲೋ? ಅಪ್ಪ ತುಂಬಾ ಹೊತ್ತು ಹೆದರಿದ್ದರಾ ಅನ್ನೋದೊಂದೇ ನನಗೆ ಗೊತ್ತಾಗಬೇಕು."

ಕೇದಾರಿ ನಿಂತಲ್ಲೇ ಫೋನ್ ಮಾಡಿದರು.

"ನಿಮ್ಮ ತಂದಿಯವರದು ನನಗ ಗೊತ್ತಿಲ್ಲವ್ವಾ. ನನ್ನದಷ್ಟ ಹೇಳ್ತೀನಿ. ಇಳಿಸೋವಾಗ ಹೆದರಾಕ ಪುರಸೊತ್ತ ಇರಲಿಲ್ಲ. ಕಣ್ಣು, ಕೈ ಎರಡಕ್ಕೂ ಒಂದೇ ಸವನೆ ಕೆಲಸ. ಕಾಲು ನಡುಗಿದ್ದು ಮನಿಗೆ ಬಂದ ಮ್ಯಾಲೆ."

ಆ ಕಡೆಯಿಂದ ಅವಳ ಉಸಿರಷ್ಟೇ ಕೇಳುತ್ತಿತ್ತು. ಸುತ್ತ ಬಸ್ಸುಗಳು ಹಾರ್ನ್ ಹೊಡೆಯುತ್ತಿದ್ದವು. ಅವಳಾಗಿಯೇ ಇಡುವವರೆಗೂ ಕೇದಾರಿ ಫೋನನ್ನು ಕಿವಿಗೆ ಒತ್ತಿಕೊಂಡು ನಿಂತರು.